ಮೊದಲ ಆರ್ಡರ್ ಬರುವ ಮುನ್ನ ಡಬ್ಬ ಅಳೆಯಿರಿ

ಮನೆಯಲ್ಲಿ ಮಾಡಿದ ಚಟ್ನಿಪುಡಿ, ಹಪ್ಪಳ, ಸಂಡಿಗೆಗಳನ್ನು ಆನ್‌ಲೈನ್‌ನಲ್ಲಿ ಮಾರಲು ಹೊರಟವರು ಮೊದಲು ಲೋಗೊ ಮಾಡಿಸುತ್ತಾರೆ, ಆಮೇಲೆ ಫೋಟೊ ತೆಗೆಸುತ್ತಾರೆ. ಪಾರ್ಸೆಲ್ಲಿನ ವಿಚಾರ ನೆನಪಾಗುವುದು ಆರ್ಡರ್ ಬಂದ ಸಂಜೆ. ಆಗ ಕೈಗೆ ಸಿಕ್ಕಿದ ಹಳೆಯ ಡಬ್ಬದಲ್ಲಿ ತುಂಬಿ, ಕೊರಿಯರ್‌ನವರು ಕೇಳಿದಷ್ಟು ಕೊಟ್ಟು ಬಂದರೆ ಲಾಭವೆಲ್ಲ ಕೌಂಟರಿನಲ್ಲೇ ಉಳಿಯುತ್ತದೆ. ಅಂಗಡಿ ತೆರೆಯುವ ಮೊದಲೇ ಮುಗಿಸಿಕೊಳ್ಳಬೇಕಾದ ಕೆಲಸಗಳು ಇಲ್ಲಿವೆ.

ಮೊದಲು ಕಾಗದಪತ್ರ

ಆಹಾರ ಪದಾರ್ಥಕ್ಕೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕೇ ಬೇಕು. ಅವರು ಕೊಡುವ 14 ಅಂಕಿಯ ಸಂಖ್ಯೆ ಪ್ರತಿ ಪೊಟ್ಟಣದ ಮೇಲೂ ಇರಬೇಕು. ಜತೆಗೆ ಬಳಸಿದ ಪದಾರ್ಥಗಳು, ನಿವ್ವಳ ತೂಕ, ಎಂಆರ್‌ಪಿ, ತಯಾರಿಸಿದ ದಿನಾಂಕ, ಎಲ್ಲಿಯವರೆಗೆ ಬಳಸಬಹುದು ಎಂಬುದು, ನಿಮ್ಮ ವಿಳಾಸ, ದೂರು ಹೇಳಲು ಫೋನ್ ನಂಬರ್, ಸಸ್ಯಾಹಾರದ ಹಸಿರು ಚುಕ್ಕೆ.

ಜಿಎಸ್‌ಟಿ ವಿಚಾರದಲ್ಲಿ ಹಲವರು ಎಡವುತ್ತಾರೆ. ತೆರಿಗೆ ಬೀಳುವ ಸರಕನ್ನು ಹೊರರಾಜ್ಯಕ್ಕೆ ಮಾರುವವರು, ವಹಿವಾಟು ಎಷ್ಟೇ ಸಣ್ಣದಿರಲಿ, ನೋಂದಣಿ ಮಾಡಿಸಬೇಕು. ಹಪ್ಪಳಕ್ಕೆ ತೆರಿಗೆ ಇಲ್ಲ, ಚಟ್ನಿಪುಡಿಗೆ ಇದೆ. ಆದ್ದರಿಂದ ಶುರುವಿನಲ್ಲಿ ಕರ್ನಾಟಕದೊಳಗೆ ಮಾತ್ರ ಕಳಿಸುತ್ತೇವೆ ಎಂದು ತೀರ್ಮಾನಿಸುವುದು ಜಾಣತನ. ನಮ್ಮ ರಾಜ್ಯದ ಪಿನ್‌ಕೋಡ್‌ಗಳು 56, 57, 58, 59ರಿಂದ ಶುರುವಾಗುತ್ತವೆ. ಅಂಗಡಿಯ ಸೆಟ್ಟಿಂಗ್ಸ್‌ನಲ್ಲಿ ಅಷ್ಟಕ್ಕೇ ಮಿತಿ ಹಾಕಿಕೊಳ್ಳಿ.

ತೂಕ ಎರಡು ಬಗೆ

ಲೆಕ್ಕ ತಪ್ಪುವುದು ಇಲ್ಲಿ. ತಕ್ಕಡಿ ತೋರಿಸುವ ತೂಕಕ್ಕೆ ಮಾತ್ರ ಕೊರಿಯರ್‌ನವರು ದುಡ್ಡು ತೆಗೆದುಕೊಳ್ಳುವುದಿಲ್ಲ. ಡಬ್ಬದ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಬಂದ ಉತ್ತರವೇ ಗಾತ್ರದ ತೂಕ, ಕೆ.ಜಿ.ಗಳಲ್ಲಿ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಿಲ್ಲು. ಅದೂ ಹೆಚ್ಚಿನ ಕಡೆ ಅರ್ಧ ಕೆ.ಜಿ.ಯ ಮೆಟ್ಟಿಲುಗಳಲ್ಲಿ.

ಉದಾಹರಣೆಗೆ, ನಿಮ್ಮ ಸರಕು ಪ್ಯಾಕಿಂಗ್ ಸೇರಿ 800 ಗ್ರಾಂ. ಡಬ್ಬ 25×18×12 ಸೆಂ.ಮೀ. ಆದರೆ ಗಾತ್ರದ ತೂಕ 1.08 ಕೆ.ಜಿ.; ನೀವು ತೆರುವುದು ಒಂದೂವರೆ ಕೆ.ಜಿ.ಗೆ. ಅದೇ ಡಬ್ಬದ ಎತ್ತರ 10 ಸೆಂ.ಮೀ.ಗೆ ಇಳಿದರೆ 0.9 ಕೆ.ಜಿ.; ಒಂದು ಕೆ.ಜಿ. ದರ ಸಾಕು. ಎರಡು ಸೆಂಟಿಮೀಟರ್ ಖಾಲಿ ಗಾಳಿಗೆ ಪ್ರತಿ ಪಾರ್ಸೆಲ್ಲಿನಲ್ಲೂ ಅರ್ಧ ಕೆ.ಜಿ. ದುಡ್ಡು! ಹಾಗಾಗಿ ಮೊದಲು ಸರಕನ್ನು ಜೋಡಿಸಿ ಟೇಪು ಹಿಡಿಯಿರಿ, ಡಬ್ಬ ಕೊಳ್ಳುವುದು ಆಮೇಲೆ. ಆರಂಭಕ್ಕೆ ಎರಡು ಅಳತೆ ಸಾಕು. ಅಗ್ಗವೆಂದು ಸಾವಿರಗಟ್ಟಲೆ ತರಿಸಬೇಡಿ, ಲೋಗೊ ಅಚ್ಚು ಹಾಕಿಸುವ ಆಸೆಯನ್ನೂ ಸದ್ಯಕ್ಕೆ ಕಟ್ಟಿಡಿ.

ಕಟ್ಟುವ ಕ್ರಮ

ಪುಡಿಗಳಿಗೆ ದಪ್ಪ ಪೌಚ್ ಬಳಸಿ, ಜಿಪ್ಪಿನ ಮೇಲ್ಗಡೆ ಶಾಖದಿಂದಲೂ ಸೀಲ್ ಮಾಡಿ. ಬರೀ ಜಿಪ್ ನಂಬಿದರೆ ಮಳೆಗಾಲದಲ್ಲಿ ಶೇಂಗಾ ಚಟ್ನಿಪುಡಿ ತಲುಪುವಷ್ಟರಲ್ಲಿ ಮುದ್ದೆಯಾಗಿರುತ್ತದೆ. ಹಪ್ಪಳ ಮುರಿಯುವುದು ಮೇಲಿನ ಭಾರದಿಂದ ಮಾತ್ರವಲ್ಲ, ಒಳಗೆ ಅಲ್ಲಾಡುವುದರಿಂದಲೂ. ಅಡಿಗೊಂದು, ಮೇಲೊಂದು ರಟ್ಟು ಇಟ್ಟು ಕಟ್ಟನ್ನು ಬಿಗಿಯಾಗಿ ಸುತ್ತಿ, ಸುತ್ತಲಿನ ಸಂದಿಗೆ ಮುದುಡಿದ ಕಾಗದ ತುರುಕಿ. ಡಬ್ಬವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸದ್ದು ಬರಬಾರದು. ಎಣ್ಣೆಯ ಉಪ್ಪಿನಕಾಯಿಯನ್ನು ಮೊದಲ ಪಟ್ಟಿಯಲ್ಲಿ ಸೇರಿಸಲೇಬೇಡಿ ಎನ್ನುವುದು ನನ್ನ ಸಲಹೆ. ಒಂದು ಬಾಟಲಿ ಸೋರಿದರೆ ಅಕ್ಕಪಕ್ಕದವರ ಪಾರ್ಸೆಲ್ಲೂ ಹಾಳು.

ಹಗುರ ಸರಕಿಗೆ ಮೂರು ಪದರದ ರಟ್ಟಿನ ಡಬ್ಬ, ಎರಡು ಕೆ.ಜಿ. ದಾಟಿದರೆ ಐದು ಪದರದ್ದು. ನಡುವಿನ ಸಂದಿಗೂ ಎರಡು ಅಂಚುಗಳಿಗೂ ಅಗಲದ ಟೇಪ್ ಹಾಕಿ. ಇನ್ನು ಕರುಣೆ ಬೇಡ: ಸೊಂಟದೆತ್ತರದಿಂದ ಒಂದೊಂದು ಮೂಲೆಯ ಮೇಲೆ ಬೀಳಿಸಿ, ಬಿಚ್ಚಿ ನೋಡಿ.

ಯಾರ ಕೈಲಿ ಕಳಿಸುವುದು?

ಖಾಸಗಿ ಕೊರಿಯರ್ ಹೋಗದ ಹಳ್ಳಿಗೂ ಅಂಚೆಯವರು ಹೋಗುತ್ತಾರೆ. ನಗರಗಳಿಗೆ ಹಲವು ಕೊರಿಯರ್‌ಗಳ ದರವನ್ನು ಒಂದೇ ಕಡೆ ತೋರಿಸುವ ಶಿಪ್‌ರಾಕೆಟ್‌ನಂಥ ಸೇವೆಗಳಿವೆ, ಮನೆಗೇ ಬಂದು ಒಯ್ಯುತ್ತಾರೆ. ನಿಮ್ಮ ಎರಡೂ ಡಬ್ಬಗಳಿಗೆ ಹತ್ತಿರದ ಊರು, ಬೆಂಗಳೂರು, ಬೀದರ್ ಈ ಮೂರಕ್ಕೂ ದರ ಕೇಳಿ ಬರೆದಿಟ್ಟುಕೊಳ್ಳಿ. ಸಾಗಣೆ ಶುಲ್ಕ ಗೊತ್ತುಮಾಡಬೇಕಾದ್ದು ಈ ಪಟ್ಟಿ ನೋಡಿ. 'ಉಚಿತ ಸಾಗಣೆ' ಎಂದು ಬರೆಯುವ ಮನಸ್ಸಿದ್ದರೆ ಎಷ್ಟು ರೂಪಾಯಿಯ ಮೇಲಿನ ಆರ್ಡರಿಗೆ ಅದು ನಿಮಗೆ ಗಿಟ್ಟುತ್ತದೆ ಎಂಬುದೂ ಅಲ್ಲೇ ತಿಳಿಯುತ್ತದೆ.

ಕ್ಯಾಶ್ ಆನ್ ಡೆಲಿವರಿ ಈಗಲೇ ಬೇಡ. ಗಿರಾಕಿ ಬಾಗಿಲಲ್ಲಿ 'ಬೇಡ' ಅಂದರೆ ಸಾಮಾನ್ಯವಾಗಿ ಹೋದ ಖರ್ಚು, ವಾಪಸು ಬಂದ ಖರ್ಚು ಎರಡೂ ನಿಮ್ಮ ತಲೆಗೆ. ಅಷ್ಟರಲ್ಲಿ ಸಂಡಿಗೆಯೂ ಪುಡಿಯಾಗಿರುತ್ತದೆ.

ಎಲ್ಲ ಸಿದ್ಧವಾದ ಮೇಲೆ ದೂರದೂರಿನ ನೆಂಟರಿಗೆ ಒಂದು ಪಾರ್ಸೆಲ್ ಹಾಕಿ. ಬಿಚ್ಚುವ ಮುಂಚೆ, ಬಿಚ್ಚಿದ ಮೇಲೆ ಫೋಟೊ ಕಳಿಸಲು ಹೇಳಿ. ಎಷ್ಟು ದಿನ ಹಿಡಿಯಿತು ನೋಡಿ, ಅದಕ್ಕೆ ಎರಡು ದಿನ ಸೇರಿಸಿ ಅಂಗಡಿಯಲ್ಲಿ ಬರೆಯಿರಿ. ರವಾನೆಗೆ ವಾರದಲ್ಲಿ ಎರಡು ದಿನ ಗೊತ್ತುಮಾಡಿ. ಶುಕ್ರವಾರ, ಶನಿವಾರ ಬೇಡ, ಭಾನುವಾರವೆಲ್ಲ ಗೋದಾಮಿನಲ್ಲಿ ಬಿದ್ದಿರುತ್ತದೆ. ವಿಳಾಸದಲ್ಲಿ ಫೋನ್ ನಂಬರ್ ಇಲ್ಲದಿದ್ದರೆ ಪಾರ್ಸೆಲ್ ಕಟ್ಟುವ ಮುಂಚೆಯೇ ಕೇಳಿ ಪಡೆಯಿರಿ.