ಚಳಿಗಾಲದಲ್ಲಿ ಗೆಂಡೆ ಮೀನು ಯಾಕೆ ಬೆಳೆಯಲ್ಲ? ಮೇವು ಹಾಕುವ ಮುನ್ನ ತಿಳಿಯಬೇಕಾದ್ದು

ಚಳಿ ಶುರುವಾದರೆ ಸಾಕು, ಕೃಷಿ ಹೊಂಡದಲ್ಲಿ ಮೀನು ಸಾಕುವವರು ಕೇಳೋದು ಒಂದೇ ಪ್ರಶ್ನೆ: "ಹಿಂಡಿ, ತೌಡು ಮೊದಲಿನಷ್ಟೇ ಹಾಕ್ತಿದ್ದೀವಿ, ತೂಕ ಯಾಕೆ ಏರ್ತಿಲ್ಲ?" ಮೇವು ಸಾಲದೇನೋ ಅಂತ ಕೆಲವರು ಇನ್ನೂ ಹೆಚ್ಚು ಹಾಕುತ್ತಾರೆ. ನಷ್ಟ ಶುರುವಾಗೋದೇ ಅಲ್ಲಿ. ಕೊರತೆ ಮೇವಿನದಲ್ಲ, ಮೇವನ್ನು ಮಾಂಸ ಮಾಡುವ ಕೆಲಸವನ್ನೇ ಮೀನು ನಿಧಾನ ಮಾಡಿರುತ್ತದೆ.

ಮಾಂಸ ತಯಾರಾಗುವುದು ಎಲ್ಲಿ?

ತಿಂದ ಹಿಂಡಿಯ ಪ್ರೋಟೀನು ಜೀರ್ಣವಾಗಿ ಸಣ್ಣ ತುಣುಕುಗಳಾಗುತ್ತದೆ. ಅವನ್ನು ಮತ್ತೆ ಜೋಡಿಸಿ ಮೀನಿನ ಸ್ವಂತ ಪ್ರೋಟೀನ್ ಮಾಡುವುದು ಜೀವಕೋಶದೊಳಗಿನ ರೈಬೋಸೋಮ್. ಬೆಳೆಯುವ ಕೋಶಕ್ಕೆ ಇಂಥ ಲಕ್ಷಾಂತರ ರೈಬೋಸೋಮ್ ಬೇಕು.

ಈ ರೈಬೋಸೋಮ್ ಕಟ್ಟಲು ಬೇಕಾದ ಆರ್‌ಎನ್‌ಎಯನ್ನು ಕೊಡುವ ಜೀನುಗಳು ಅಡಿಕೆ ತೋಟದ ಸಾಲಿನಂತೆ ಇರುತ್ತವೆ. 18ಎಸ್, 5.8ಎಸ್, 28ಎಸ್ ಎಂಬ ಮೂರು ಜೀನುಗಳು ಒಂದರ ಹಿಂದೆ ಒಂದು, ಆಮೇಲೆ ಸ್ವಲ್ಪ ಖಾಲಿ ಜಾಗ, ಮತ್ತೆ ಅದೇ ಮೂರು. ಹೀಗೆ ನೂರಾರು ಸಲ. ಈ ಸಾಲುಗಳ ಸುತ್ತ ಕೋಶಕೇಂದ್ರದೊಳಗೆ ನ್ಯೂಕ್ಲಿಯೋಲಸ್ ಎಂಬ ಪುಟ್ಟ ಉಂಡೆ ಇರುತ್ತದೆ. ರೈಬೋಸೋಮಿನ ಕಾರ್ಖಾನೆ ಅಂದರೆ ಇದೇ.

ಚಳಿ ಬಂದಾಗ ಏನಾಗುತ್ತೆ?

ನಾವು ಸಾಕುವ ಸಾಮಾನ್ಯ ಗೆಂಡೆ (ಕಾಮನ್ ಕಾರ್ಪ್) ಮೀನಿನ ಮೇಲೆಯೇ ದಕ್ಷಿಣ ಅಮೆರಿಕದ ಚಿಲಿ ದೇಶದ ವಿಜ್ಞಾನಿಗಳು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಬೇಸಿಗೆಯ ಮತ್ತು ಚಳಿಗಾಲದ ಮೀನಿನ ಯಕೃತ್ತಿನ ಕೋಶಗಳನ್ನು ಹೋಲಿಸಿ ನೋಡಿದರು. ಚಳಿಗಾಲದಲ್ಲಿ ನ್ಯೂಕ್ಲಿಯೋಲಸ್‌ನ ಭಾಗಗಳು ಒಂದರಿಂದ ಒಂದು ಬೇರೆಯಾಗಿ ನಿಂತಿದ್ದವು. ರೈಬೋಸೋಮಿನ ಆರ್‌ಎನ್‌ಎ ತಯಾರಿಯೂ ಬಹಳ ಇಳಿದಿತ್ತು. ಡಿಎನ್‌ಎ ಎಳೆ ಸುತ್ತಿಕೊಳ್ಳುವ ಪ್ರೋಟೀನುಗಳಲ್ಲಿ ಮ್ಯಾಕ್ರೋ ಎಚ್2ಎ ಎಂಬ ಒಂದು ಬಗೆ, ಆ ಜೀನು ಸಾಲಿನ ಮೇಲೆ ಹೆಚ್ಚಾಗಿ ಕೂತಿತ್ತು. ಬೀಗ ಹಾಕಿದ ಹಾಗೆ ಅಂದುಕೊಳ್ಳಿ.

ಜೀನು ಕಳೆದುಹೋಗಿಲ್ಲ, ಕೆಟ್ಟೂ ಇಲ್ಲ. ಬೇಸಿಗೆ ಬಂದರೆ ಕಾರ್ಖಾನೆ ಮತ್ತೆ ತೆರೆಯುತ್ತದೆ. ಮೀನಿಗೆ ನಮ್ಮ ಹಾಗೆ ಮೈ ಬಿಸಿ ಇಟ್ಟುಕೊಳ್ಳೋಕೆ ಆಗಲ್ಲ. ನೀರು ತಣ್ಣಗಾದಾಗ ಖರ್ಚು ಕಡಿಮೆ ಮಾಡಿ ಬದುಕುವುದೇ ಅದರ ದಾರಿ.

ನಮ್ಮಲ್ಲಿ ಚಿಲಿಯಷ್ಟು ಚಳಿ ಇಲ್ಲ, ಕೆಲಸ ಪೂರ್ತಿ ನಿಲ್ಲುವುದಿಲ್ಲ. ಆದರೆ ಬೀದರ್, ಕೊಡಗಿನಂಥ ಕಡೆ ಡಿಸೆಂಬರ್–ಜನವರಿಯಲ್ಲಿ ನೀರು ತಣ್ಣಗಾದಷ್ಟೂ ಮೀನು ತಿನ್ನುವುದು, ಬೆಳೆಯುವುದು ಎರಡೂ ಕುಗ್ಗುತ್ತದೆ.

ಹಾಗಾದರೆ ಏನು ಮಾಡಬೇಕು?

1. ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ಬೆಳಿಗ್ಗೆ, ಮಧ್ಯಾಹ್ನ ಎರಡು ಹೊತ್ತು ಒಂದಡಿ ಆಳದ ನೀರು ನೋಡಿ ಬರೆದಿಡಿ.

2. ನೀರು 20 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಮೇವು ಅರ್ಧಕ್ಕೆ ಇಳಿಸಿ. ಉದಾಹರಣೆಗೆ, ತಲಾ 400 ಗ್ರಾಂನ 500 ಮೀನು ಅಂದರೆ ಒಟ್ಟು 200 ಕೆ.ಜಿ. ಶೇ. 2ರಂತೆ ದಿನಕ್ಕೆ 4 ಕೆ.ಜಿ. ಕೊಡುತ್ತಿದ್ದರೆ 2 ಕೆ.ಜಿ. ಸಾಕು. 15 ಡಿಗ್ರಿಗಿಂತ ಕೆಳಗಿದ್ದರೆ ಇನ್ನೂ ಕಡಿಮೆ.

3. ಬೆಳಗಿನ ಜಾವ ಮೇವು ಬೇಡ. ಬಿಸಿಲೇರಿ ನೀರು ಬೆಚ್ಚಗಾದ ಮೇಲೆ, 11 ಗಂಟೆ ನಂತರ ಕೊಡಿ.

4. ತೂತಿನ ಚೀಲ ಅಥವಾ ತಟ್ಟೆಯಲ್ಲಿ ಮೇವಿಟ್ಟು ಎರಡು ಗಂಟೆ ಬಿಟ್ಟು ಎತ್ತಿ ನೋಡಿ. ಉಳಿದಿದ್ದರೆ ಮರುದಿನ ಕಡಿಮೆ ಮಾಡಿ.

5. ಸಗಣಿ ಗೊಬ್ಬರವನ್ನೂ ಕಡಿಮೆ ಮಾಡಿ. ತಣ್ಣೀರಲ್ಲಿ ಅದು ಬೇಗ ಕೊಳೆಯದೆ ತಳದಲ್ಲಿ ಕೂತಿರುತ್ತದೆ. ಬಿಸಿಲು ಹೆಚ್ಚಾದಾಗ ಒಟ್ಟಿಗೇ ಕೊಳೆತು ನೀರಿನ ಆಮ್ಲಜನಕ ತಿಂದುಹಾಕುತ್ತದೆ.

ಉಳಿದ ಮೇವಿನದೂ ಇದೇ ಕಥೆ: ಅಮೋನಿಯಾ ಏರುತ್ತದೆ, ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ಹಿಂಡಿಯ ದುಡ್ಡೂ ಹೋಯಿತು, ಮೀನೂ ಹೋಯಿತು.

ಶಿವರಾತ್ರಿಗೆ ಚಳಿ 'ಶಿವ ಶಿವ' ಅಂತ ಹೋಗುತ್ತೆ ಅಂತಾರಲ್ಲ, ಆಮೇಲೂ ಒಮ್ಮೆಲೇ ಮೇವು ಹೆಚ್ಚಿಸಬೇಡಿ. ಮುಚ್ಚಿದ ಕಾರ್ಖಾನೆ ಪೂರ್ತಿ ಓಡಲು ಸಮಯ ಬೇಕು. ನೀರು ಸತತವಾಗಿ ಬೆಚ್ಚಗಿದ್ದು, ಕೊಟ್ಟ ಮೇವು ಖಾಲಿಯಾಗುತ್ತಿದ್ದರೆ ಮಾತ್ರ ಎರಡು ವಾರದಲ್ಲಿ ಹಂತ ಹಂತವಾಗಿ ಮೊದಲಿನ ಪ್ರಮಾಣಕ್ಕೆ ತನ್ನಿ. ಕ್ಯಾಲೆಂಡರ್ ನೋಡಿ ಅಲ್ಲ, ನೀರು ನೋಡಿ ಮೇವು ಹಾಕಿ.