ದನಗಾಹಿಯ ಬದುಕು, ದಾರಿ, ಮನೆ: ಓದಲು ಹೊರಟವರಿಗೆ ಚಾಂದ್‌ಖೇಡಾದಿಂದ ಒಂದು ಕೈಪಿಡಿ

ಅಮೆರಿಕದ ಕೌಬಾಯ್ ಕಥೆಗಳು, ಮೆಕ್ಸಿಕೋದ ಪ್ರವಾಸಕಥನಗಳು, ಆ ಸೀಮೆಯ ಮಣ್ಣಿನ ಮನೆಗಳ ಚಿತ್ರಪುಸ್ತಕಗಳು. ಅಂಗಡಿಯವರು ಇವನ್ನು ಮೂರು ಬೇರೆ ಕಪಾಟಿನಲ್ಲಿ ಇಡುತ್ತಾರೆ. ಓದುವವರು ಮೂರನ್ನೂ ಒಟ್ಟಿಗೆ ಹಿಡಿಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ದನ ಸಾಕುವವನು ಮೇವಿಗಾಗಿ ತಿರುಗುತ್ತಾನೆ, ತಿರುಗಿ ಬಂದವನು ನೀರು ನೆರಳು ನೋಡಿ ಮನೆ ಕಟ್ಟುತ್ತಾನೆ. ಕಥೆ ಮಾತ್ರ ಓದಿದರೆ ಕುದುರೆ ಮತ್ತು ಪಿಸ್ತೂಲು ನೆನಪಿನಲ್ಲಿ ಉಳಿಯುತ್ತವೆ. ಮನೆಯ ಚಿತ್ರ ಮಾತ್ರ ನೋಡಿದರೆ ಗೋಡೆಯ ಬಣ್ಣವಷ್ಟೇ ಉಳಿಯುತ್ತದೆ.

ಓಎನ್‌ಜಿಸಿ ಕೆಲಸಕ್ಕೋ ಗುಜರಾತ್ ತಾಂತ್ರಿಕ ವಿಶ್ವವಿದ್ಯಾಲಯದ ಓದಿಗೋ ಚಾಂದ್‌ಖೇಡಾಕ್ಕೆ ಬಂದು ನೆಲೆಸಿದ ಕನ್ನಡಿಗರಿಗೆ ಈ ಓದು ಶುರುಮಾಡಲು ಬೇರೆ ಊರು ಬೇಕಿಲ್ಲ. ಉತ್ತರಕ್ಕೆ ಹೊರಟರೆ ಮೆಹಸಾಣಾ ದಾರಿ, ಅದರಾಚೆ ಬನಾಸ್‌ಕಾಂಠಾದ ದನಗಳ ಸೀಮೆ. ದಕ್ಷಿಣಕ್ಕೆ ಇಳಿದರೆ ಸಾಬರಮತಿ ಆಶ್ರಮ, ಮುಂದೆ ಹಳೇ ಅಹಮದಾಬಾದಿನ ಮರದ ಮನೆಗಳು. ದನ ಸಾಕುವ ಸಮುದಾಯಗಳಾದ ರಬಾರಿಗಳು, ಭರವಾಡರು ನಗರದೊಳಗೇ ಹಸು ಕಟ್ಟಿಕೊಂಡು ಹಾಲು ಮಾರುತ್ತಾರೆ.

ಹಂತ 1: ಪುಸ್ತಕಕ್ಕೆ ಮೊದಲು ದನ ನೋಡಿ

ಬೆಳಿಗ್ಗೆ ಬೇಗ ಎದ್ದು ಹತ್ತಿರದ ಗೋಶಾಲೆಗೋ ಹಾಲಿನವರ ಕೊಟ್ಟಿಗೆಗೋ ಹೋಗಿ ಕೇಳಿ, ಒಂದಷ್ಟು ಹೊತ್ತು ನಿಂತು ನೋಡಿ. ಇಲ್ಲಿ ಎರಡು ತಳಿ ಗುರುತಿಸಲು ಕಲಿತರೆ ಸಾಕು. ಕಾಂಕ್ರೇಜ್ ಬೂದು ಬಣ್ಣದ ಎತ್ತರದ ದನ. ಕೊಂಬು ದಪ್ಪ, ಹೊರಕ್ಕೆ ಬಾಗಿ ಮೇಲಕ್ಕೇರುತ್ತದೆ, ಬುಡದಲ್ಲಿ ಚರ್ಮ ಸ್ವಲ್ಪ ಮೇಲಿನವರೆಗೂ ಹತ್ತಿರುತ್ತದೆ. ಅದು ಮೆದು ಮಣ್ಣಿನಲ್ಲಿ ನಡೆದಾಗ ಹೆಜ್ಜೆ ಗಮನಿಸಿ: ಮುಂಗಾಲು ಒತ್ತಿದ ಗುರುತಿಗಿಂತ ತುಸು ಮುಂದೆ ಹಿಂಗಾಲು ಬೀಳುತ್ತದೆ. ಇಲ್ಲಿಯ ಜನ ಇದನ್ನು ‘ಸವಾಯಿ ಚಾಲ್’ ಎಂದು ಮೆಚ್ಚುತ್ತಾರೆ. ಗೀರ್ ಹಸುವಿನದು ಉಬ್ಬಿದ ಹಣೆ, ಜೋಲುವ ಉದ್ದ ಕಿವಿ, ಹಿಂದಕ್ಕೆ ಬಾಗಿದ ಕೊಂಬು, ಹೆಚ್ಚಾಗಿ ಕೆಂಪು ಮೈ.

ಮೊದಲು ದನ ನೋಡಿ ಎನ್ನುವುದಕ್ಕೆ ಕಾರಣವಿದೆ. ಟೆಕ್ಸಾಸಿನ ರಾಂಚುಗಳಲ್ಲಿ ಇಂದು ಮೇಯುವ ಡುಬ್ಬದ ‘ಅಮೆರಿಕನ್ ಬ್ರಾಹ್ಮನ್’ ದನದ ಮೂಲ ಭಾರತದ್ದೇ. ಕಾಂಕ್ರೇಜ್ (ಅಲ್ಲಿ ಅದರ ಹೆಸರು ಗುಜೆರಾತ್), ಗೀರ್, ಓಂಗೋಲ್, ಜೊತೆಗೆ ನಮ್ಮ ಕೃಷ್ಣಾ ಕಣಿವೆ ತಳಿ ಸೇರಿ ಅದು ಆಯಿತು. 1906ರಲ್ಲಿ ಟೆಕ್ಸಾಸಿನವರು ಭಾರತದಿಂದಲೇ ಒಂದು ತಂಡ ದನ ತರಿಸಿಕೊಂಡರು. 1920ರ ದಶಕದಲ್ಲಿ ಬ್ರೆಜಿಲ್‌ನಲ್ಲಿ ಬೆಳೆದ ಇದೇ ರಕ್ತದ ಗೂಳಿಗಳು ಮೆಕ್ಸಿಕೋ ದಾಟಿ ಟೆಕ್ಸಾಸ್ ಸೇರಿದವು. ಬಿಸಿಲು ಮತ್ತು ಉಣ್ಣೆ ಹುಳುವಿನ ಕಾಟ ತಡೆಯುವ ಶಕ್ತಿ ಈ ದನಗಳಿಗಿತ್ತು, ಯುರೋಪಿನ ತಳಿಗಳಿಗೆ ಇರಲಿಲ್ಲ. ಕೃಷ್ಣಾ ಕಣಿವೆ ತಳಿಯನ್ನು ಸಾಂಗ್ಲಿ, ಮುಧೋಳ, ಜಮಖಂಡಿಯ ಅರಸರು ಎರೆ ಭೂಮಿಯ ಉಳುಮೆಗೆಂದು ಬೆಳೆಸಿದರು. ಅದರಲ್ಲಿ ಗೀರ್ ರಕ್ತವೂ ಇದೆ. ವಿಜಯಪುರ, ಬಾಗಲಕೋಟೆ ಕಡೆಯವರು ಕೌಬಾಯ್ ಕಥೆ ಓದುವಾಗ ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಆ ಕಥೆಯ ದನಗಳು ದೂರದವು ಅನ್ನಿಸುವುದಿಲ್ಲ.

ಹಂತ 2: ನೋಟ್‌ಬುಕ್ಕಿನಲ್ಲಿ ನಾಲ್ಕು ಪ್ರಶ್ನೆ ಬರೆಯಿರಿ

ನೀರು ಎಲ್ಲಿಂದ ಬರುತ್ತದೆ? ರಾತ್ರಿ ದನ ಎಲ್ಲಿರುತ್ತದೆ? ನೆರಳು ಹೇಗೆ ಸಿಗುತ್ತದೆ? ನೆಲ ಯಾರದು?

ಯಾವ ಪುಸ್ತಕ ಹಿಡಿದರೂ, ಕಥೆಯಾಗಲಿ ಪ್ರವಾಸವಾಗಲಿ ಮನೆಯ ನಕ್ಷೆಯಾಗಲಿ, ಈ ನಾಲ್ಕಕ್ಕೂ ಉತ್ತರ ಹುಡುಕುತ್ತ ಓದಿ. ಪುಟದ ಸಂಖ್ಯೆ ಗುರುತು ಹಾಕಿಕೊಳ್ಳಿ. ಯಾವ ಪ್ರಶ್ನೆಗೂ ಉತ್ತರ ಸಿಗದ ಪುಸ್ತಕ ಬರೀ ವೇಷಭೂಷಣದ್ದು, ಅದನ್ನು ಬದಿಗಿಡಿ.

ನಾಲ್ಕನೆಯ ಪ್ರಶ್ನೆಯೇ ಎಲ್ಲಕ್ಕಿಂತ ಭಾರವಾದದ್ದು. 1874ರಲ್ಲಿ ಜೋಸೆಫ್ ಗ್ಲಿಡನ್ ಮುಳ್ಳುತಂತಿಗೆ ಪೇಟೆಂಟ್ ಪಡೆದ ಮೇಲೆ ಅಮೆರಿಕದ ಬಯಲಿಗೆ ಬೇಲಿ ಬಿತ್ತು, ಸಾವಿರಾರು ದನ ಹೊಡೆದುಕೊಂಡು ತಿಂಗಳುಗಟ್ಟಲೆ ನಡೆಯುವ ಕಾಲ ಮುಗಿಯಿತು. ಮೆಕ್ಸಿಕೋದ ಹಸಿಯೆಂಡಾಗಳ, ಅಂದರೆ ದೊಡ್ಡ ಜಮೀನ್ದಾರಿ ಎಸ್ಟೇಟುಗಳ, ಜಮೀನು 1910ರ ಕ್ರಾಂತಿಯ ನಂತರ, ಅದರಲ್ಲೂ 1930ರ ದಶಕದಲ್ಲಿ, ರೈತರಿಗೆ ಹಂಚಿಹೋಯಿತು. ಗೀರ್ ಕಾಡಿನ ಮಾಲ್ಧಾರಿಗಳನ್ನು (ದನಗಾಹಿಗಳನ್ನು) ಸಿಂಹಗಳ ರಕ್ಷಣೆಗೆಂದು 1970ರ ದಶಕದಿಂದ ಹೊರಗೆ ಕಳಿಸತೊಡಗಿದರು. ಚಿಕ್ಕದೇವರಾಜ ಒಡೆಯರ ಕಾಲದಿಂದ ಕಾಯ್ದು ಬಂದ ನಮ್ಮ ಅಮೃತ ಮಹಲ್ ಕಾವಲುಗಳಲ್ಲಿ ಚಳ್ಳಕೆರೆ ಬಳಿಯ ಸಾವಿರಾರು ಎಕರೆ ಈಗ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾಗಿದೆ. ಅಹಮದಾಬಾದಿನಲ್ಲೇ ನೋಡಿ: ಬೀದಿ ದನಗಳ ನಿಯಂತ್ರಣಕ್ಕೆಂದು 2022ರಲ್ಲಿ ವಿಧಾನಸಭೆ ಅಂಗೀಕರಿಸಿದ ಮಸೂದೆಯನ್ನು ಮಾಲ್ಧಾರಿಗಳು ಹಾಲು ಮಾರಾಟ ನಿಲ್ಲಿಸಿ ವಿರೋಧಿಸಿದರು. ಅದೇ ವರ್ಷ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಹುಲ್ಲುಗಾವಲು ಹೋದ ಮೇಲೆ ದನ ಬೀದಿಗೆ ಬರುತ್ತದೆ. ರಸ್ತೆಯಲ್ಲಿ ಅಡ್ಡ ನಿಂತ ಹಸುವಿಗೆ ಹಾರ್ನ್ ಹೊಡೆಯುವಾಗ ಈ ಪ್ರಶ್ನೆ ಒಮ್ಮೆ ನೆನಪಾಗಲಿ.

ಹಂತ 3: ಮೊದಲ ಪುಸ್ತಕಕ್ಕೆ ದುಡ್ಡು ಹಾಕಬೇಡಿ

ಆಂಡಿ ಆಡಮ್ಸ್ ಬರೆದ ‘ದಿ ಲಾಗ್ ಆಫ್ ಎ ಕೌಬಾಯ್’ 1903ರಲ್ಲಿ ಬಂತು. ಹಕ್ಕುಸ್ವಾಮ್ಯ ಮುಗಿದಿದೆ, ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತ. ಆಡಮ್ಸ್ ತಾನೇ ದನ ಹೊಡೆದ ಮನುಷ್ಯ. 1882ರಲ್ಲಿ ಮೆಕ್ಸಿಕೋ ಗಡಿಯ ರಿಯೋ ಗ್ರಾಂಡೆ ನದಿಯ ದಡದಿಂದ ಮೊಂಟಾನಾದವರೆಗೆ ಮೂರು ಸಾವಿರಕ್ಕೂ ಹೆಚ್ಚು ದನ ನಡೆಸಿಕೊಂಡು ಹೋಗುವ ಕಥೆ ಅದು. ಗುಂಡಿನ ಚಕಮಕಿ ಕಡಿಮೆ. ಹೊಳೆ ದಾಟಿಸುವುದು, ನೀರಿಲ್ಲದ ಬಯಲಿನಲ್ಲಿ ಹಿಂಡು ಕಂಗಾಲಾಗುವುದು, ರಾತ್ರಿ ಪಾಳಿ ಕಾಯುವುದು, ಇವೇ ಪುಟಗಟ್ಟಲೆ ಇವೆ. ಹಂತ 2ರ ಮೊದಲ ಎರಡು ಪ್ರಶ್ನೆಗಳಿಗೆ ಇದಕ್ಕಿಂತ ಚೆನ್ನಾಗಿ ಉತ್ತರಿಸುವ ಕೌಬಾಯ್ ಪುಸ್ತಕ ನಾನು ಓದಿಲ್ಲ.

ಇದರ ನಂತರ ಜಾಕ್ ಶೇಫರ್‌ನ ‘ಶೇನ್’ (1949) ಹಿಡಿಯಿರಿ. ಚಿಕ್ಕದು. ದನದ ಧಣಿಗೂ ಬೇಸಾಯದವರಿಗೂ ನಡೆಯುವ ಜಗಳವನ್ನು ಒಬ್ಬ ಹುಡುಗನ ಕಣ್ಣಿನಿಂದ ಹೇಳುತ್ತದೆ. ಲ್ಯಾರಿ ಮೆಕ್‌ಮರ್ಟ್ರಿಯ ‘ಲೋನ್‌ಸಮ್ ಡವ್’ (1985) ಎಲ್ಲರೂ ಹೊಗಳುವ ಪುಸ್ತಕ, ಪುಲಿಟ್ಜರ್ ಪಡೆದದ್ದು, ಆದರೆ ಎಂಟುನೂರು ಪುಟ ದಾಟುತ್ತದೆ. ಅದರಿಂದ ಶುರುಮಾಡಬೇಡಿ. ಟೆಕ್ಸಾಸಿನ ಹುಡುಗ ಗಡಿ ದಾಟಿ ಮೆಕ್ಸಿಕೋದ ಹಸಿಯೆಂಡಾ ಸೇರುವ ಕಾರ್ಮಕ್ ಮೆಕಾರ್ಥಿಯ ‘ಆಲ್ ದ ಪ್ರೆಟಿ ಹಾರ್ಸಸ್’ (1992) ಮೂರನೆಯದಾಗಿ ಓದಲು ತಕ್ಕದ್ದು.

ಹಂತ 4: ನಿಂತ ನೆಲದ ಪುಸ್ತಕ, ಹುಟ್ಟಿದ ನೆಲದ ಪುಸ್ತಕ

ಕೌಬಾಯ್ ಪುಸ್ತಕದ ಪಕ್ಕಕ್ಕೆ ಝವೇರ್‌ಚಂದ್ ಮೇಘಾಣಿಯವರ ‘ಸೌರಾಷ್ಟ್ರನೀ ರಸಧಾರ್’ ಇಡಿ. 1923ರಿಂದ 1927ರವರೆಗೆ ಐದು ಭಾಗಗಳಲ್ಲಿ ಬಂದ ಕಥೆಗಳು. ಊರೂರು ತಿರುಗಿ, ಕಥೆ ಹಾಡುವ ಚಾರಣರ ಬಾಯಿಂದ ಕೇಳಿ ಸಂಗ್ರಹಿಸಿದವು. ಗುಜರಾತಿ ಲಿಪಿಗೆ ಹೆದರಬೇಕಿಲ್ಲ. ದೇವನಾಗರಿ ಬಲ್ಲವರು ತಲೆಗೆರೆ ಇಲ್ಲದ ಅಕ್ಷರ ನೋಡಿ ರೂಢಿಯಾದರೆ ಬಸ್ಸಿನ ಬೋರ್ಡು ಓದುತ್ತ ಓದುತ್ತಲೇ ಕಲಿಯುತ್ತಾರೆ. ನೆರೆಮನೆಯ ಬಾ (ಹಿರಿಯ ಹೆಂಗಸು) ಒಬ್ಬರನ್ನು ಕೂರಿಸಿಕೊಂಡು ‘ಬಾ, ಈ ಕಥೆ ಸ್ವಲ್ಪ ಓದಿ ಹೇಳ್ತೀರಾ?’ ಎಂದು ಕೇಳಿದರೆ ಇನ್ನೂ ಚೆನ್ನ, ಈ ಕಥೆಗಳು ಕಿವಿಗೆಂದೇ ಇರುವಂಥವು. ಹೊಸ ಕಾಲದ ಪುಸ್ತಕ ಬೇಕೆನ್ನುವವರಿಗೆ ಧ್ರುವ್ ಭಟ್ಟರ ‘ಅಕೂಪಾರ್’ ಇದೆ. ಗೀರ್ ಕಾಡು, ಸಿಂಹ, ಮಾಲ್ಧಾರಿಗಳ ನಡುವೆ ನಡೆಯುವ ಕಾದಂಬರಿ.

ಕನ್ನಡದಲ್ಲಿ ಹುಡುಕಬೇಕಾದದ್ದು ಜುಂಜಪ್ಪನ ಕಾವ್ಯ. ಚಿತ್ರದುರ್ಗ, ತುಮಕೂರು ಸೀಮೆಯ ಕಾಡುಗೊಲ್ಲರು ಹಾಡುತ್ತ ಬಂದ ಈ ಕಾವ್ಯದ ನಾಯಕ ದನಕಾಯುವವನೇ. ಹಟ್ಟಿ, ರೊಪ್ಪ, ಗೂಳಿ, ಕಾವಲು ಎಲ್ಲ ಅದರಲ್ಲಿ ಬರುತ್ತವೆ. ಮ್ಯಾಸಬೇಡರ ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳ ಬಗ್ಗೆ ಬಂದ ಜಾನಪದ ಅಧ್ಯಯನಗಳನ್ನೂ ಊರಿಗೆ ಹೋದಾಗ ತನ್ನಿ. ಟೆಕ್ಸಾಸಿನ ಕಥೆಯಲ್ಲಿ ದನ ಮಾರಾಟದ ಸರಕು. ಕಿಲಾರಿಗೆ ಅದು ದೇವರ ಸೊತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದವರಿಗೆ ಮಾತ್ರ ಈ ವ್ಯತ್ಯಾಸದ ಆಳ ತಿಳಿಯುತ್ತದೆ.

ಹಂತ 5: ದಾರಿಯ ಪುಸ್ತಕ

ಮೆಕ್ಸಿಕೋಕ್ಕೆ ಫ್ಯಾನಿ ಕಾಲ್ಡೆರೋನ್‌ರ ‘ಲೈಫ್ ಇನ್ ಮೆಕ್ಸಿಕೋ’ (1843) ಸಾಕು. ಸ್ಪೇನ್ ರಾಯಭಾರಿಯ ಹೆಂಡತಿ ಬರೆದ ಪತ್ರಗಳು, ಹಸಿಯೆಂಡಾಗಳ ಅಂಗಳ, ಅಡುಗೆ, ರಸ್ತೆ ಎಲ್ಲ ತುಂಬಿವೆ. ಇದೂ ಉಚಿತ. ಮನೆ ಮತ್ತು ಪ್ರಯಾಣ ಒಂದೇ ಪುಸ್ತಕದಲ್ಲಿ ಬೇಕಾದವರಿಗೆ ಸಿಬಿಲ್ ಬೆಡ್‌ಫರ್ಡ್‌ರ ‘ಎ ವಿಸಿಟ್ ಟು ಡಾನ್ ಒಟಾವಿಯೊ’ ಇದೆ.

ನಮ್ಮ ಕಡೆಗೆ ರಾಬಿನ್ ಡೇವಿಡ್‌ಸನ್‌ರ ‘ಡೆಸರ್ಟ್ ಪ್ಲೇಸಸ್’ (1996). ಒಂಟೆಗಳೊಡನೆ ಆಸ್ಟ್ರೇಲಿಯದ ಮರಳುಗಾಡು ದಾಟಿದ ಈ ಲೇಖಕಿ ರಬಾರಿಗಳ ವಲಸೆಯಲ್ಲಿ ಸೇರಿಕೊಂಡು ನಡೆದರು. ಹೊರಗಿನವರ ಬರಹ ಎಂಬುದನ್ನು ಮರೆಯದೆ ಓದಿ.

ಕನ್ನಡಿಗರಿಗೆ ಇಲ್ಲಿ ಎರಡು ಹೆಸರು ಹತ್ತಿರದವು. ಬೆಳಗಾವಿಯಲ್ಲಿ ಶಿಕ್ಷಕರಾಗಿದ್ದು, ಆಮೇಲೆ ಸಾಬರಮತಿ ಸೇರಿದ ಕಾಕಾ ಕಾಲೇಲ್ಕರ್ ಗುಜರಾತಿಯಲ್ಲಿ ಬರೆದ ಪ್ರವಾಸಕಥನಗಳು ಆ ಭಾಷೆಯ ಗದ್ಯಕ್ಕೇ ಮಾದರಿಯಾದವು. ಗುಜರಾತ್ ವಿದ್ಯಾಪೀಠದಲ್ಲಿ ಓದಿದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಹೇಮಾವತಿ ತೀರದ ಹಳ್ಳಿಯನ್ನೂ ಬರೆದರು, ಮುದಿ ವಯಸ್ಸಿನಲ್ಲಿ ‘ಅಮೆರಿಕಾದಲ್ಲಿ ಗೊರೂರು’ ಬರೆದು 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನೂ ಪಡೆದರು.

ಹಂತ 6: ಮನೆಯ ಪುಸ್ತಕವನ್ನು ಮನೆ ನೋಡಿ ಓದಿ

ಕೈಗೆ ಸಿಕ್ಕ ಅಲಂಕಾರದ ಪುಸ್ತಕ ಕೊಳ್ಳಬೇಡಿ. ಗೋಡೆಗೆ ಕೊಂಬು ನೇತುಹಾಕಿ ಮೂಲೆಯಲ್ಲಿ ಕಳ್ಳಿ ಗಿಡ ಇಟ್ಟರೆ ರಾಂಚ್ ಮನೆ ಆಗುವುದಿಲ್ಲ. ಗೋಡೆಯ ದಪ್ಪ, ಕಿಟಕಿಯ ದಿಕ್ಕು, ಅಂಗಳದ ಅಳತೆ ತೋರಿಸುವ ನಕ್ಷೆಯಿರುವ ಪುಸ್ತಕ ನೋಡಿ. ಕುಲಭೂಷಣ್ ಜೈನ್ ಮತ್ತು ಮೀನಾಕ್ಷಿ ಜೈನ್ ಅವರ ‘ಮಡ್ ಆರ್ಕಿಟೆಕ್ಚರ್ ಆಫ್ ದಿ ಇಂಡಿಯನ್ ಡೆಸರ್ಟ್’ (1992) ಅಂಥದ್ದು. ವಿ. ಎಸ್. ಪ್ರಮಾರ್ ಅವರ ‘ಹವೇಲಿ’ (1989) ಗುಜರಾತಿನ ಮರದ ಮನೆಗಳ ಮೇಲೆ. ರಬಾರಿಗಳ ಕಸೂತಿ, ಉಡುಗೆ ತಿಳಿಯಲು ಜೂಡಿ ಫ್ರೇಟರ್ ಅವರ ‘ಥ್ರೆಡ್ಸ್ ಆಫ್ ಐಡೆಂಟಿಟಿ’ (1995).

ಪುಸ್ತಕ ಚೀಲದಲ್ಲಿಟ್ಟುಕೊಂಡು, ಚಳಿಗಾಲದ ಒಂದು ಬೆಳಿಗ್ಗೆ ಕಾಲೂಪುರದ ಸ್ವಾಮಿನಾರಾಯಣ ಮಂದಿರದಿಂದ ಜಾಮಾ ಮಸೀದಿಯವರೆಗಿನ ಪೋಳಗಳಲ್ಲಿ (ಹಳೇ ಕೇರಿಗಳಲ್ಲಿ) ನಡೆಯಿರಿ. ಯುನೆಸ್ಕೋ 2017ರಲ್ಲಿ ವಿಶ್ವ ಪರಂಪರೆ ಎಂದು ಗುರುತಿಸಿದ ನಗರ ಇದೇ. ಕವಿ ದಲಪತರಾಮರ ಮನೆಯ ಮುಂಭಾಗವನ್ನು ಮತ್ತೆ ಕಟ್ಟಿ, ಜಗಲಿಯ ಮೇಲೆ ಕೂತಂತೆ ಅವರ ಮೂರ್ತಿ ಇಟ್ಟಿದ್ದಾರೆ. ಅಲ್ಲಿ ನಿಂತು ಬೀದಿಯ ಅಗಲ ನೋಡಿ: ಎರಡು ಸಾಲಿನ ಮನೆಗಳೂ ಒಂದಕ್ಕೊಂದು ನೆರಳು ಕೊಡುತ್ತವೆ. ಒಳಗೆ ಹೋಗಲು ಯಾರಾದರೂ ಕರೆದರೆ ಚೌಕದಲ್ಲಿ, ಅಂದರೆ ಒಳಂಗಳದಲ್ಲಿ, ನಿಲ್ಲಿ. ಮೇಲಿನಿಂದ ಬೆಳಕು ಇಳಿಯುತ್ತದೆ, ಬಿಸಿಗಾಳಿ ಏರಿ ಹೋಗುತ್ತದೆ, ಕಾಲಡಿಯಲ್ಲಿ ಮಳೆನೀರು ಕೂಡಿಡುವ ಟಾಂಕಾ ಇರುತ್ತದೆ. ನಮ್ಮ ತೊಟ್ಟಿಮನೆ, ಮೆಕ್ಸಿಕೋದ ಪಾಟಿಯೊ, ಇಲ್ಲಿಯ ಚೌಕ ಮೂರೂ ಒಂದೇ ಬಿಸಿಲಿಗೆ ಕೊಟ್ಟ ಉತ್ತರಗಳು. ಮೂರರ ನಕ್ಷೆಯನ್ನೂ ಒಂದೇ ಹಾಳೆಯ ಮೇಲೆ ಗೀಚಿ.

ಕಛ್‌ಗೆ ಹೋದರೆ ಭೂಂಗಾ ನೋಡದೆ ಬರಬೇಡಿ. ದುಂಡು ಮಣ್ಣಿನ ಗೋಡೆ, ಮೇಲೆ ಶಂಕುವಿನಾಕಾರದ ಹುಲ್ಲಿನ ಚಾವಣಿ. 2001ರ ಭೂಕಂಪದಲ್ಲಿ ಕಲ್ಲುಕಟ್ಟಡಗಳು ನೆಲಕಚ್ಚಿದಾಗ ಚೆನ್ನಾಗಿ ಕಟ್ಟಿದ ಅನೇಕ ಭೂಂಗಾಗಳು ನಿಂತವು, ದುಂಡಾಕಾರ ಅದುರುವಿಕೆಯನ್ನು ಸುತ್ತಲೂ ಹಂಚಿತು. ಒಳಗೋಡೆಯ ಮೇಲೆ ಮಣ್ಣು, ಸಗಣಿ ಕಲಸಿ ಉಬ್ಬುಗೆರೆ ಎಳೆದು, ಹಸಿಯಿರುವಾಗಲೇ ಚಿಕ್ಕ ಕನ್ನಡಿ ಒತ್ತುತ್ತಾರೆ. ಕತ್ತಲ ಕೋಣೆಯಲ್ಲಿ ಒಂದು ದೀಪದ ಬೆಳಕನ್ನೂ ಆ ಕನ್ನಡಿಗಳು ಹರಡುತ್ತವೆ.

ಇದರಲ್ಲಿ ಚಾಂದ್‌ಖೇಡಾದ ಫ್ಲ್ಯಾಟಿಗೆ ಏನು ತರಬಹುದು? ನೆರಳು. 2016ರ ಮೇ 20ರಂದು ಅಹಮದಾಬಾದಿನಲ್ಲಿ 48 ಡಿಗ್ರಿ ದಾಖಲಾಯಿತು. ಪಡುವಣ ಬಾಲ್ಕನಿಗೆ ಹೊರಗಡೆಯಿಂದ ಬಿದಿರಿನ ಚಿಕ್ ಇಳಿಬಿಡಿ, ಒಳಗಿನ ಪರದೆಗಿಂತ ಅದು ಹೆಚ್ಚು ಬಿಸಿ ತಡೆಯುತ್ತದೆ. ಮೇಲಿನ ಮಹಡಿಯವರು ಸೊಸೈಟಿಯವರನ್ನು ಒಪ್ಪಿಸಿ ಚಾವಣಿಗೆ ಬಿಳಿ ಸುಣ್ಣ ಹೊಡೆಸಿ. ವಾಸ್ತುಶಿಲ್ಪಿ ಲುಯಿಸ್ ಬರಾಗಾನ್ 1948ರಲ್ಲಿ ಮೆಕ್ಸಿಕೋ ನಗರದಲ್ಲಿ ಕಟ್ಟಿಕೊಂಡ ಮನೆಯ ಚಿತ್ರಗಳನ್ನು ನೋಡಿ, ಬಣ್ಣಕ್ಕೆ ಮರುಳಾಗದೆ ಬೆಳಕು ಯಾವ ಗೋಡೆಗೆ ಬಡಿದು ಒಳಗೆ ಬರುತ್ತದೆ ಎಂದು ಗಮನಿಸಿ. ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರ ಕಚೇರಿ ‘ಸಂಗಾತ್’ (1980) ಇದೇ ಊರಿನಲ್ಲಿದೆ. ಅರ್ಧ ನೆಲದೊಳಗೆ ಇಳಿಸಿ, ಕಮಾನು ಚಾವಣಿಗೆ ಬಿಳಿ ಚೀನಿ ಚೂರು ಹೊದಿಸಿ ಬಿಸಿಲನ್ನು ಹಿಂದಕ್ಕೆ ಕಳಿಸಿದ ಕಟ್ಟಡ. ಇಬ್ಬರಿಗೂ ವಾಸ್ತುಶಿಲ್ಪದ ಪ್ರಿಟ್ಸ್‌ಕರ್ ಪ್ರಶಸ್ತಿ ಬಂತು, ಬರಾಗಾನ್‌ಗೆ 1980ರಲ್ಲಿ, ದೋಶಿಯವರಿಗೆ 2018ರಲ್ಲಿ.

ಹಂತ 7: ಎಲ್ಲಿ ಸಿಗುತ್ತವೆ

ಮನೆಯ ನಕ್ಷೆಯ ದೊಡ್ಡ ಪುಸ್ತಕಗಳು ದುಬಾರಿ, ಮೊದಲು ಗ್ರಂಥಾಲಯದಲ್ಲಿ ನೋಡಿ ಆಮೇಲೆ ಕೊಳ್ಳಿ. ಗುಜರಾತಿ ಪುಸ್ತಕಗಳಿಗೆ ಗಾಂಧಿ ರಸ್ತೆಯ ಫರ್ನಾಂಡಿಸ್ ಬ್ರಿಜ್ ಕೆಳಗಿನ ಅಂಗಡಿ ಸಾಲು. ಹಳೆಯದಕ್ಕೆ ಎಲಿಸ್ ಬ್ರಿಜ್ ಹತ್ತಿರ ಸಾಬರಮತಿ ದಂಡೆಯ ಮೇಲೆ ಭಾನುವಾರ ಸೇರುವ ಗುಜರಿ ಬಜಾರು. ಬಿಸಿಲೇರುವ ಮುಂಚೆ ಹೋಗಿ, ಚೌಕಾಸಿ ಮಾಡಿ, ಹಾಳೆ ಎಣಿಸಿ ಕೊಳ್ಳಿ. ಎಲಿಸ್ ಬ್ರಿಜ್ ಬಳಿಯ ಮಾಣೆಕ್‌ಲಾಲ್ ಜೇಠಾಭಾಯಿ ಗ್ರಂಥಾಲಯ 1938ರಲ್ಲಿ ತೆರೆದದ್ದು. ಗಾಂಧೀಜಿ ಆಶ್ರಮದ ಪುಸ್ತಕ ಸಂಗ್ರಹವನ್ನು ಕೊಟ್ಟದ್ದು ಅದಕ್ಕೇ. ಮೊದಲು ಅಲ್ಲಿಯ ಸದಸ್ಯರಾಗಿ.