ತಿರಸ್ಕಾರದ ಕ್ರಿಯಾಪದಗಳು

ಆಂಗ್ಲ ಭಾಷೆಯಲ್ಲಿ ಪತ್ರವನ್ನೋ ಲೇಖನವನ್ನೋ ಬರೆಯಹೊರಟ ತರುಣ ಮಿತ್ರರು, ತಿರಸ್ಕಾರವನ್ನು ಸೂಚಿಸುವ ಕ್ರಿಯಾಪದಗಳೆಲ್ಲವೂ ಸಮಾನಾರ್ಥಕಗಳೆಂದೇ ಬಗೆದು, ಕೈಗೆ ಸಿಕ್ಕಿದುದನ್ನು ಪ್ರಯೋಗಿಸಿಬಿಡುವುದುಂಟು. ಆದರೆ ಅವುಗಳಲ್ಲಿ ಹಲವು ಮೂಲತಃ ದೇಹದ ಚೇಷ್ಟೆಗಳು. ‘ಡಿಸ್ಪೈಸ್’ ಎಂಬುದು ಲ್ಯಾಟಿನ್ ಮೂಲದಲ್ಲಿ ಮೇಲಿನಿಂದ ಕೆಳಕ್ಕೆ ನೋಡುವುದು, ‘ಡಿರೈಡ್’ ನಗುವುದು, ‘ಸ್ಪರ್ನ್’ ಎಂಬುದಾದರೋ ಪ್ರಾಚೀನ ಆಂಗ್ಲದಲ್ಲಿ ಕಾಲಿನಿಂದ ಒದೆಯುವುದೇ ಆಗಿದ್ದಿತು. ಆದಕಾರಣ, ತಾನಾಗಿ ಬಂದ ನೆರವನ್ನೋ ಪ್ರೇಮವನ್ನೋ ನೂಕಿದವನಿಗೆ ಅದು ಸಲ್ಲುವುದಲ್ಲದೆ, ಮನಸ್ಸಿನೊಳಗೇ ಹೀನಾಯವಾಗಿ ಎಣಿಸುತ್ತ ಕುಳಿತವನಿಗೆ ಸಲ್ಲದು. ಅಂಥವನಿಗೆ ‘ಡಿಸ್ಪೈಸ್’ ಸಾಕು.

‘ಸ್ಕಾರ್ನ್’ ನೇರವಾಗಿ ಕರ್ಮಪದವನ್ನು ಹಿಡಿಯುತ್ತದೆ. ‘ಸ್ಕಾಫ್’, ‘ಸ್ನಿಯರ್’ಗಳ ಮುಂದೆ ‘ಆ್ಯಟ್’ ಬರಬೇಕು. ಉತ್ತರ ಕೊಡುವುದೇ ತನ್ನ ಘನತೆಗೆ ಕುಂದೆಂದು ಮೌನವಾಗಿದ್ದವನನ್ನು ಕುರಿತು ‘ಹಿ ಡಿಸ್ಡೇನ್ಡ್ ಟು ರಿಪ್ಲೈ’ ಎಂದರೆ ಎಷ್ಟು ಸೊಗಸು!

ಎಲ್ಲಕ್ಕಿಂತ ಹೆಚ್ಚಾಗಿ ಎಡವುವುದು ‘ಫ್ಲೌಟ್’, ‘ಫ್ಲಾಂಟ್’ಗಳ ನಡುವೆ (ಇಂಗ್ಲಿಷರೇ ಎಡವುತ್ತಾರೆಂಬುದು ನಮಗೆ ಸ್ವಲ್ಪ ಸಮಾಧಾನ). ಮೊದಲನೆಯದು ನಿಯಮವನ್ನು ಬಹಿರಂಗವಾಗಿ ಧಿಕ್ಕರಿಸುವುದು; ಎರಡನೆಯದು ಮೆರೆಸುವುದು. ‘ಫ್ಲಾಂಟ್ ದಿ ಲಾ’ ಎಂದು ಬರೆದರೆ, ಕಾನೂನನ್ನು ಮುರಿದವನು ಅದನ್ನು ಹೊಸ ಜರತಾರಿ ರುಮಾಲಿನಂತೆ ಸುತ್ತಿಕೊಂಡು ಬೀದಿಯಲ್ಲಿ ಮೆರೆದನೆಂದಾದೀತು. ಇನ್ನು ‘ಡಿಫೈ’ ಎಂಬುದಕ್ಕೆ ಎದುರಾಳಿ ಬೇಕು: ಮೇಲಧಿಕಾರಿಯ ಮುಖಕ್ಕೆ ಮುಖ ಕೊಟ್ಟು ‘ಆಗದು’ ಎನ್ನುವವನು ‘ಡಿಫೈ’ ಮಾಡುತ್ತಾನೆ, ‘ಧೂಮಪಾನ ನಿಷಿದ್ಧ’ ಎಂಬ ಫಲಕದ ಕೆಳಗೇ ನಿಂತು ಬೀಡಿ ಹಚ್ಚುವವನದು ‘ಫ್ಲೌಟ್’.